ಮೊದಲ ಅರವತ್ತು ಅಡಿ: ಹಳೆಯ ಗಾಡಿಗಳ ನೇರ ಓಟ ನೋಡುವವರಿಗೊಂದು ಕೈಪಿಡಿ

ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು ಬನ್ನಿ. 1,507 ಮೀಟರ್ ಇದೆ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಎಂಬ ಹೆಸರಿನೊಂದಿಗೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ಒಂದು ಮೈಲಿಗೆ ನೂರು ಮೀಟರಿನಷ್ಟು ಕಡಿಮೆ. ಅದರ ಕಾಲು ಭಾಗಕ್ಕೆ ಇನ್ನೊಂದು ಬೋಗಿಯಷ್ಟು ಉದ್ದ ಸೇರಿಸಿದರೆ 402 ಮೀಟರ್, ಅಂದರೆ ಕಾಲು ಮೈಲಿ ಆಗುತ್ತದೆ. ಕೈಯಲ್ಲಿ ಚೀಲ ಹಿಡಿದು ನಡೆದರೆ ಐದು ನಿಮಿಷದ ದಾರಿ. ಡ್ರ್ಯಾಗ್ ರೇಸ್ ಎಂಬ ಆಟವೆಲ್ಲ ಇಷ್ಟು ಜಾಗದೊಳಗೇ ಮುಗಿಯುತ್ತದೆ.

"ತಿರುವಿಲ್ಲ ಮುರುವಿಲ್ಲ, ಹೋತು ಅನ್ನೂದ್ರಾಗ ಮುಗೀತು. ಅದರಾಗ ನೋಡೂದೇನೈತ್ರಿ?" ಎಂದು ಗೆಳೆಯರು ಕೇಳುತ್ತಾರೆ. ಉತ್ತರ ನಮ್ಮೂರಿನಲ್ಲೇ ಇದೆ. ಗಾಯಕರು ಷಡ್ಜ ಹಚ್ಚಿದ ಕೂಡಲೇ ಮುಂದಿನ ಸಾಲಿನ ಹಿರಿಯರು "ಆಹಾ" ಎನ್ನುವ ಊರು ಧಾರವಾಡ. ರಾಗ ಇನ್ನೂ ಬಿಚ್ಚಿಕೊಂಡಿಲ್ಲ, ತಬಲಾ ಇನ್ನೂ ಕೂಡಿಲ್ಲ. ಆದರೂ ಅವರಿಗೆ ಬೇಕಾದದ್ದು ಸಿಕ್ಕಿಬಿಟ್ಟಿದೆ. ನೇರ ಓಟದಲ್ಲೂ ಹಾಗೆಯೇ. ಮುಗಿಯುವ ಗೆರೆಯ ಹತ್ತಿರ ನಿಂತವರಿಗೆ ಯಾರು ಗೆದ್ದರೆಂದು ತಿಳಿಯುತ್ತದೆ. ಹೇಗೆ ಗೆದ್ದರೆಂದು ತಿಳಿಯಬೇಕಾದವರು ಹೊರಡುವ ಗೆರೆಯ ಹತ್ತಿರ ನಿಲ್ಲುತ್ತಾರೆ, ಮೊದಲ ಅರವತ್ತು ಅಡಿಯ ಮೇಲೆ ಕಣ್ಣಿಡುತ್ತಾರೆ. ಗಾಡಿ ಹಳೆಯದಾದಷ್ಟೂ ಆ ಅರವತ್ತು ಅಡಿಗೆ ರುಚಿ ಹೆಚ್ಚು, ಯಾಕೆಂದರೆ ಹಳೆಯ ಗಾಡಿ ತನ್ನ ಏದುಸಿರನ್ನು ಮುಚ್ಚಿಡುವುದಿಲ್ಲ.

ಸುತ್ತಲಿನ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಕಣ್ಣು ಆಗಲೇ ಇದೆ. ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೆನಪು ಮಾಡಿಕೊಳ್ಳಿ. ಡ್ರ್ಯಾಗ್ ರೇಸಿನಲ್ಲಿ ದೂರ ಗೊತ್ತು ಮಾಡಿ ಸಮಯ ಅಳೆಯುತ್ತಾರೆ. ಗಾಡಾ ಓಟದಲ್ಲಿ ಒಂದು ನಿಮಿಷವೆಂದು ಸಮಯ ಗೊತ್ತು ಮಾಡಿ, ಓಡಿದ ದೂರವನ್ನು ಅಡಿ ಅಂಗುಲಗಳಲ್ಲಿ ಅಳೆಯುತ್ತಾರೆ. ನೊಗ ಬಿಗಿದ ಕ್ಷಣಕ್ಕೆ ಎತ್ತುಗಳೆರಡೂ ಕೂಡಿ ಕಾಲೂರಿದವೋ, ಒಂದು ಮುಂದಾಗಿ ಇನ್ನೊಂದು ಹಿಂದೆ ಜಗ್ಗಿತೋ ಎಂಬುದನ್ನು ರೈತರು ಬದುವಿನ ಮೇಲೆ ನಿಂತೇ ಹೇಳುತ್ತಾರೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಿಂತಿದ್ದ ಎತ್ತಿನ ಗಾಡಿ ಓಟಕ್ಕೆ 2017ರ ರಾಜ್ಯ ತಿದ್ದುಪಡಿ ಮತ್ತೆ ದಾರಿ ಮಾಡಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವೂ ಅದನ್ನು ಎತ್ತಿಹಿಡಿಯಿತು. ನಿಂತುಹೋದ ಓಟವೊಂದು ಮತ್ತೆ ಚಿಗುರುವುದನ್ನು ನಾವು ಕಣ್ಣಾರೆ ಕಂಡವರು.

ಇನ್ನು ಎಂಜಿನ್ ಗಾಡಿಗಳು. 1996 ಕೆಟ್ಟ ವರ್ಷ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ, ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಐಡಿಯಲ್ ಜಾವಾ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ನಮ್ಮಲ್ಲಿ ತಯಾರಿಸುತ್ತಿತ್ತು. 70ರ ದಶಕದಲ್ಲಿ ಅದು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು: 250 ಸಿಸಿ, 16 ಅಶ್ವಶಕ್ತಿ. 1985ರ ಆರ್‌ಎಕ್ಸ್ 100 ನೋಡಲು ಬಡಕಲು. 98 ಸಿಸಿ, 11 ಅಶ್ವಶಕ್ತಿ, ತೂಕ ನೂರು ಕಿಲೊ ಚಿಲ್ಲರೆ. ಆದರೆ ಹಗುರ ಮೈಯ ಲಾಭ ಏನೆಂದು ಸಿಗ್ನಲ್ಲಿನಲ್ಲಿ ಅದರ ಪಕ್ಕ ನಿಂತ ದೊಡ್ಡ ಗಾಡಿಗಳಿಗೆಲ್ಲ ಗೊತ್ತು. ರಾಜದೂತ್ 350 ಬೇರೆಯೇ ಜಾತಿ: ಎರಡು ಸಿಲಿಂಡರ್, ಆರು ಗೇರ್. ಅದರ ಪೆಟ್ರೋಲ್ ದಾಹ ತಾಳಲಾರದೆ ಅಂದು ಜನ ದೂರ ಇಟ್ಟರು, ಇಂದು ಅದನ್ನೇ ಹುಡುಕಿಕೊಂಡು ಊರೂರು ಅಲೆಯುತ್ತಾರೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ದೇಶದ ಊರೂರಲ್ಲಿ ಯೆಜ್ಡಿಗಳು ಸಾಲುಗಟ್ಟುತ್ತವೆ. ಡ್ರ್ಯಾಗ್ ಸ್ಪರ್ಧೆಗಳಲ್ಲಿ ಇಂಥ ಟೂ-ಸ್ಟ್ರೋಕ್ ಗಾಡಿಗಳಿಗೆಂದೇ ಬೇರೆ ವಿಭಾಗಗಳಿವೆ. ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ಬೆಂಗಳೂರಿನ ಹೇಮಂತ್ ಮುದ್ದಪ್ಪ ಓಡಿಸುವ ಸೂಪರ್‌ಬೈಕುಗಳ ವಿಭಾಗಕ್ಕೆ ಪತ್ರಿಕೆಯಲ್ಲಿ ಜಾಗ ಹೆಚ್ಚು. ನನ್ನ ಮನಸ್ಸು ಮಾತ್ರ ಟೂ-ಸ್ಟ್ರೋಕ್ ಹೊಗೆಯ ಹತ್ತಿರವೇ.

ಈ ಎಂಜಿನ್ನನ್ನು ಮೊದಲು ಕಿವಿಯಿಂದ ಕಲಿಯಬೇಕು. ಫೋರ್-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಮ್ಮೆ ಕಿಡಿ ಹೊತ್ತಿ ಉರಿಯುತ್ತದೆ, ಟೂ-ಸ್ಟ್ರೋಕಿನಲ್ಲಿ ಸುತ್ತಿಗೊಮ್ಮೆ. ಫೋರ್-ಸ್ಟ್ರೋಕಿನಂಥ ವಾಲ್ವ್‌ಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹೊಗೆ ಹೋಗುವ ಕಿಂಡಿ, ಹೊಸ ಪೆಟ್ರೋಲ್ ಬರುವ ಕಿಂಡಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುವುದರಿಂದ ಉರಿಯದ ಪೆಟ್ರೋಲ್ ಕೂಡ ಸೈಲೆನ್ಸರಿಗೆ ನುಗ್ಗುತ್ತದೆ. ರೇಸ್ ಗಾಡಿಯ ಸೈಲೆನ್ಸರಿಗೆ ಹೊಟ್ಟೆ ಉಬ್ಬಿರುವುದು ಇದಕ್ಕೇ. ಅದರ ಹಿಂದಿನ ಕಿರಿದಾಗುವ ಭಾಗಕ್ಕೆ ಬಡಿದ ಒತ್ತಡದ ಅಲೆ ತಿರುಗಿ ಬಂದು, ತಪ್ಪಿಸಿಕೊಂಡ ಪೆಟ್ರೋಲನ್ನು ಸಿಲಿಂಡರಿಗೇ ವಾಪಸು ತಳ್ಳುತ್ತದೆ. ಆದರೆ ಅಲೆ ಸರಿಯಾದ ಹೊತ್ತಿಗೆ ಮರಳಬೇಕಾದರೆ ಎಂಜಿನ್ ತಕ್ಕ ವೇಗಕ್ಕೆ ಏರಿರಬೇಕು. ಅದಕ್ಕಿಂತ ಕೆಳಗೆ ಗಾಡಿ ಗಂಟಲು ಕಟ್ಟಿದವರ ಹಾಗೆ ಗೊರಗುಟ್ಟುತ್ತದೆ. ಆ ವೇಗ ಮುಟ್ಟಿತೋ, ಒಮ್ಮೆಲೇ ಗಂಟಲು ಬಿಚ್ಚಿ ಸದ್ದು ಬಿಗಿಯಾಗುತ್ತದೆ. ಆ ತಿರುವನ್ನು ಕಿವಿ ಒಮ್ಮೆ ಹಿಡಿಯಿತೆಂದರೆ ಅರ್ಧ ವಿದ್ಯೆ ಬಂದ ಹಾಗೆ.

ಟೂ-ಸ್ಟ್ರೋಕ್ ಮರೆಯಾದದ್ದೂ ಆ ಉರಿಯದ ಪೆಟ್ರೋಲ್ ಮತ್ತು ಆಯಿಲ್ ಹೊಗೆಯ ಕಾರಣಕ್ಕೇ. ಮಾಲಿನ್ಯದ ನಿಯಮ ಬಿಗಿಯಾದದ್ದು ಸರಿಯಾಗಿಯೇ ಇತ್ತು. ಇವನ್ನು ಪ್ರೀತಿಸುವವರು ಅದನ್ನು ಒಪ್ಪಿಕೊಂಡೇ ಪ್ರೀತಿಸಬೇಕು. ದಿನಾ ಕಾಯಿಪಲ್ಲೆ ತರಲು ಹೊಸ ಗಾಡಿ ಇರಲಿ. ಹಳೆಯದು ವರ್ಷಕ್ಕೆ ನಾಲ್ಕು ಓಟ ಓಡಲಿ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಯೆಜ್ಡಿಯ ಹಿಂದೆ ಕೂತು ಹಳೇ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಹೋಗುತ್ತಿದ್ದೆ. ಯೆಜ್ಡಿಯಲ್ಲಿ ಗೇರ್ ಹಾಕುವ ಕಡ್ಡಿಯನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ. ಗ್ಯಾರೇಜಿನ ಕಾಕಾ ಅದನ್ನು ನೋಡದೆಯೇ, ಚಪ್ಪಲಿಯ ತುದಿಯಿಂದ ತಿರುವಿ, ಅರ್ಧ ಒದೆತಕ್ಕೆ ಗಾಡಿ ಚಾಲೂ ಮಾಡುತ್ತಿದ್ದರು. ಗಾಡಿ ಎಳೀತಿಲ್ಲ ಎಂದು ಅಪ್ಪ ಹೇಳಿದರೆ ಅವರು ಮೊದಲು ಪ್ಲಗ್ ಪಾನಾ ತೆಗೆಯುತ್ತಿದ್ದರು. ಒಮ್ಮೆ ನಾನು ಕಾರ್ಬೊರೇಟರ್ ಕೆಟ್ಟಿದೆಯೇನೋ ಎಂದು ಬಾಯಿ ಹಾಕಿದೆ. "ಪ್ಲಗ್ ಬಿಚ್ಚೂತನಕಾ ಏನೂ ಹೇಳಾಕ ಬರೂದಿಲ್ಲ, ತಮ್ಮಾ" ಎಂದು ಬಿಚ್ಚಿ, ಬನಿಯನ್ ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ಕಪ್ಪಗೆ, ಹಸಿ ಹಸಿಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಡಿಮೆಯಾಗಿದೆ, ಎಂಜಿನ್ ಕಾದು ಪಿಸ್ಟನ್ ಸೀಜ್ ಆಗುವ ದಿನ ದೂರವಿಲ್ಲ. ಹಾಲು ಹಾಕಿದ ಚಹಾದ ಬಣ್ಣ ಬಂದರೆ ಎಲ್ಲ ಸರಿ. ಇವತ್ತಿಗೂ ರೇಸಿನ ಅಂಗಳದಲ್ಲಿ ನಾನು ಮೊದಲು ನೋಡುವುದು ಯಾರ ಕೈಯಲ್ಲಿ ಪ್ಲಗ್ ಇದೆ ಎಂದೇ.

ಈ ಹುಚ್ಚಿಗೆ ಅಮೆರಿಕದಲ್ಲಿ ಒಬ್ಬ ದೊಡ್ಡಣ್ಣನಿದ್ದಾನೆ, ಗ್ಯಾಸರ್. ಅಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ. 50-60ರ ದಶಕದಲ್ಲಿ ನೈಟ್ರೋಮೀಥೇನ್ ಕುಡಿಯುವ ರೇಸ್ ಗಾಡಿಗಳ ಪಕ್ಕದಲ್ಲಿ ಪೆಟ್ರೋಲಿನಲ್ಲೇ ಓಡುವ, ಮೂಲತಃ ರಸ್ತೆಯ ಕಾರುಗಳಿಗೆ ಬೇರೆ ವರ್ಗಗಳಿದ್ದವು. ಕಾರಿನ ತೂಕವನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿ ವರ್ಗ ನಿಗದಿ. ಆ ಕಾರುಗಳ ರಾಣಿ ಯಾರು ಗೊತ್ತೇ? ವಿಲ್ಲಿಸ್. ನಮ್ಮ ಹೊಲದ ದಾರಿಗಳಲ್ಲಿ ಓಡಿದ ಮಹೀಂದ್ರಾ ಜೀಪಿನ ಮೂಲ ಕಂಪನಿಯೇ ಅದು. ಯುದ್ಧಕ್ಕೆ ಮುಂಚೆ ಅದು ತಯಾರಿಸಿದ ಪುಟ್ಟ ಕಾರುಗಳು ಹಗುರಾಗಿದ್ದವು, ಅಗ್ಗವಾಗಿದ್ದವು. ಹುಡುಗರು ಅವುಗಳೊಳಗೆ ಭಾರೀ ಎಂಜಿನ್ ಕೂರಿಸಿದರು. ಮುಂದಿನ ಸ್ಪ್ರಿಂಗ್ ವ್ಯವಸ್ಥೆ ಕಿತ್ತು, ಚಕ್ಕಡಿಯ ಅಚ್ಚಿನ ಹಾಗೆ ಒಂದೇ ನೇರ ಅಚ್ಚು ಹಾಕಿ ಮೂಗನ್ನು ಎತ್ತರಿಸಿದರು. ಚಂದಕ್ಕಾಗಿ ಮಾಡಿದ್ದಲ್ಲ. ಭಾರ ಎತ್ತರದಲ್ಲಿದ್ದರೆ, ಕಾರು ಮುಂದೆ ಚಿಮ್ಮುವಾಗ ಅದೆಲ್ಲ ಹಿಂದಕ್ಕೆ ವಾಲಿ ಹಿಂಗಾಲಿಯನ್ನು ನೆಲಕ್ಕೆ ಒತ್ತುತ್ತದೆ, ಟೈರು ಜಾರುವುದಿಲ್ಲ. ಲಾಸ್ ಏಂಜಲೀಸ್‌ನ ಫ್ರೆಡ್ ಸ್ಟೋನ್ ಮತ್ತು ಟಿಮ್ ವುಡ್ಸ್ ಎಂಬ ಇಬ್ಬರು ಕಪ್ಪು ಮಾಲೀಕರು, ಅವರ ಚಾಲಕ ಡಗ್ ಕುಕ್, ಅವರ 1941ರ ವಿಲ್ಲಿಸ್ ಆ ಕಾಲಕ್ಕೆ ಮನೆಮಾತು. ಕಪ್ಪು ಜನ ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ ದಿನಗಳವು; ಆ ಕಾರಿನ ಬಾಗಿಲ ಮೇಲೆ ಮೂವರ ಹೆಸರೂ ಕೂಡಿಯೇ ಇರುತ್ತಿತ್ತು. 60ರ ದಶಕದ ಕೊನೆಗೆ ಗ್ಯಾಸರ್ ಮಾಸಿಹೋಯಿತು. ಈಗ ಮತ್ತೆ ಹಳೆಯ ಕಟ್ಟಳೆಗಳ ಮೇಲೆಯೇ ಓಡುತ್ತಿದೆ: ಸೌತ್‌ಈಸ್ಟ್ ಗ್ಯಾಸರ್ಸ್ ಕೂಟದಲ್ಲಿ 1967ರ ಈಚಿನ ಕಾರಿಗೆ ಜಾಗವಿಲ್ಲ, ಗೇರನ್ನು ಚಾಲಕನೇ ಕೈಯಾರೆ ಹಾಕಬೇಕು.

ಆ ಕಟ್ಟಳೆಯಿಂದ ನಾವು ಕಲಿಯುವುದಿದೆ. ಆರ್‌ಎಕ್ಸ್ ಚಾಸಿಯೊಂದನ್ನು ಉಳಿಸಿಕೊಂಡು ಒಳಗೆ ಇರುವುದೆಲ್ಲ ಬದಲಾಯಿಸಿದ ಗಾಡಿಗಳನ್ನು ನೋಡಿದ್ದೇನೆ. ವೇಗವೇನೋ ಇದೆ, ಆದರೆ ಆರ್‌ಎಕ್ಸ್ ಎಲ್ಲಿದೆ? ಕಿಂಡಿಗಳನ್ನು ಅರದಿಂದ ಉಜ್ಜಿ ಅಗಲಿಸಿ, ಹೆಡ್ ತಗ್ಗಿಸಿ, ಜೆಟ್ ಬದಲಿಸಿ, ಇದ್ದ ಎಂಜಿನ್ನಿನಿಂದಲೇ ಇನ್ನೂ ಒಂದು ಗುಟುಕು ಹಿಂಡುವವರ ಕಡೆ ನನ್ನ ಒಲವು. ಟೈರು, ಬ್ರೇಕು, ಹೆಲ್ಮೆಟ್ಟು ಮಾತ್ರ ಹೊಸದೇ ಇರಬೇಕು, ಅದರಲ್ಲಿ ಹಳಮೆಯ ಮಾತೇ ಬೇಡ.

ಈಗ ಗೆರೆಯ ಹತ್ತಿರ ಬನ್ನಿ. ಸವಾರ ಮುಂದಿನ ಬ್ರೇಕ್ ಹಿಡಿದು ಹಿಂದಿನ ಟೈರನ್ನು ನಿಂತಲ್ಲೇ ತಿರುಗಿಸಿ ಕಾಯಿಸುತ್ತಾನೆ; ಬಿಸಿ ರಬ್ಬರ್ ನೆಲವನ್ನು ಚೆನ್ನಾಗಿ ಕಚ್ಚುತ್ತದೆ. ಆ ಹೊಗೆಗೆ ಚಪ್ಪಾಳೆ ಬೀಳುತ್ತದೆ. ನೀವು ಅವನ ಎಡಗೈ ಬೆರಳುಗಳನ್ನು ನೋಡಿ. ಕಂಬದ ಮೇಲೆ ಹಳದಿ ದೀಪ, ಆಮೇಲೆ ಹಸಿರು. ಕ್ಲಚ್ ಒಮ್ಮೆಲೇ ಬಿಟ್ಟರೆ ಮುಂಗಾಲಿ ಆಕಾಶಕ್ಕೆ ಏಳುತ್ತದೆ, ಅವನು ಆಕ್ಸಿಲರೇಟರ್ ಇಳಿಸಲೇಬೇಕು, ಓಟ ಅಲ್ಲೇ ಹೋಯಿತು. ಹೆದರಿ ಮೆಲ್ಲಗೆ ಬಿಟ್ಟರೆ ಎಂಜಿನ್ನಿನ ವೇಗ ಕುಸಿದು ಆ ಗೊರಗೊರ ಸದ್ದಿಗೇ ಇಳಿಯುತ್ತದೆ. ಬಲ್ಲವನು ಎರಡರ ನಡುವೆ ಹಿಡಿಯುತ್ತಾನೆ: ಮುಂಗಾಲಿ ನೆಲದಿಂದ ಒಂದು ಗೇಣು ಎದ್ದು ಅಲ್ಲೇ ತೇಲುತ್ತದೆ, ಸದ್ದು ಎಲ್ಲೂ ಜಗ್ಗದೆ ಏರುತ್ತದೆ. 60 ಕಿಲೊ ತೂಗುವ ಹುಡುಗ ಆರ್‌ಎಕ್ಸ್ ಏರಿದರೆ ಒಟ್ಟು ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು ಅವನೇ. ಹೀಗಾಗಿ ಗ್ಯಾಸರ್ ಕಾರಿನಲ್ಲಿ ಅಚ್ಚು ಮಾಡುವ ಕೆಲಸವನ್ನು ಇಲ್ಲಿ ಅವನ ಮೈ ಮಾಡುತ್ತದೆ. ಹೊರಡುವಾಗ ಎದೆ ಹ್ಯಾಂಡಲ್ ಮೇಲೆ, ಗಾಡಿ ಹಿಡಿತಕ್ಕೆ ಬಂದ ಮೇಲೆ ಸೊಂಟ ಹಿಂದಕ್ಕೆ, ಗದ್ದ ಟ್ಯಾಂಕಿನ ಮೇಲೆ. ಒಳ್ಳೆಯ ಸವಾರನಲ್ಲಿ ಈ ಮೂರೂ ಒಂದೇ ಚಲನೆಯಾಗಿ ಕಾಣುತ್ತದೆ.

ಓಟದ ನಂತರ ಕೈಗೆ ಬರುವ ಚೀಟಿಯನ್ನೂ ಓದಲು ಕಲಿಯಿರಿ. ಹಸಿರು ಬಿದ್ದ ಮೇಲೆ ಹೊರಡಲು ಹಿಡಿದ ಸಮಯ ಬೇರೆ, ಓಡಲು ಹಿಡಿದ ಸಮಯ ಬೇರೆ. ಒಬ್ಬ ಅರ್ಧ ಸೆಕೆಂಡ್ ತಡವಾಗಿ ಹೊರಟು 15 ಸೆಕೆಂಡಿನಲ್ಲಿ ಓಡಿದ, ಇನ್ನೊಬ್ಬ 0.1 ಸೆಕೆಂಡಿಗೆ ಹೊರಟು 15.2ರಲ್ಲಿ ಓಡಿದ ಎಂದುಕೊಳ್ಳಿ. ಮೊದಲನೆಯವನ ಗಾಡಿ ಜೋರು, ಗೆದ್ದವನು ಎರಡನೆಯವನು.

ಎಲ್ಲಿ ನೋಡುವುದು? ನಮ್ಮೂರ ಮಗ್ಗುಲಿನ ಹೆದ್ದಾರಿ 48 ಎರಡೂ ಕಡೆ ಒಯ್ಯುತ್ತದೆ. ಬೆಂಗಳೂರು ದಾಟಿ ಚೆನ್ನೈ ಹತ್ತಿರವಾದಾಗ ಇರುಂಗಾಟ್ಟುಕೋಟೈ ಟ್ರ್ಯಾಕ್ ಸಿಗುತ್ತದೆ, ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲಿ. ಪುಣೆ ದಾಟಿದರೆ ಲೋಣಾವಳಾ ಸಮೀಪದ ಆ್ಯಂಬಿ ವ್ಯಾಲಿಯ ರನ್‌ವೇ, ವ್ಯಾಲಿ ರನ್ ಎಂಬ ಡ್ರ್ಯಾಗ್ ಹಬ್ಬದಿಂದ ಹೆಸರಾದದ್ದು. ಆದರೆ ಹೆದ್ದಾರಿಯೇ ಟ್ರ್ಯಾಕ್ ಅಲ್ಲ. 2021ರ ಜನವರಿಯಲ್ಲಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರಲ್ಲಿ ಹಲವರು ಇಟಿಗಟ್ಟಿ ಬಳಿ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಅಪಘಾತಕ್ಕೆ ಸಿಕ್ಕಿ ಸತ್ತರು. ಆ ರಸ್ತೆಯಲ್ಲಿ ಎಷ್ಟು ಮನೆಗಳ ದೀಪ ಆರಿದೆ ಎಂಬುದು ಅವಳಿ ನಗರದವರಿಗೆ ಗೊತ್ತು. ರಾತ್ರಿ ಅಲ್ಲಿ ಗಾಡಿ ಬಿಡುವ ಹುಡುಗರನ್ನು ನಿಂತು ನೋಡಬೇಡಿ; ನೋಡುವವರಿದ್ದರೆ ಅವರು ಇನ್ನೂ ಜೋರು ಬಿಡುತ್ತಾರೆ.

ಟ್ರ್ಯಾಕಿನಲ್ಲಿ ಒಂದು ದಿನವೆಲ್ಲ ಗೆರೆಯ ಬಳಿ ಕಳೆದ ಮೇಲೆ, ಸಂಜೆಯ ಕೊನೆಯ ಓಟಗಳಿಗೆ ಮಾತ್ರ ಆಚೆ ತುದಿಗೆ ನಡೆಯಿರಿ. ಅಲ್ಲಿ ಒಂದು ವಿಚಿತ್ರ ಕಾಣುತ್ತದೆ. ಗೆರೆ ದಾಟಿದ್ದೇ ತಡ, ಚೀರುತ್ತಿದ್ದ ಗಾಡಿ ಕತ್ತರಿಸಿದಂತೆ ಮೌನವಾಗುತ್ತದೆ. ಎಂಜಿನ್ ಕೆಟ್ಟಿತೆಂದು ಹೊಸಬರು ಮರುಗುತ್ತಾರೆ. ಸವಾರ ಬೇಕೆಂದೇ ಪೂರ್ತಿ ಓಟದಲ್ಲಿದ್ದಾಗ ಎಂಜಿನ್ ಬಂದ್ ಮಾಡಿ, ಕ್ಲಚ್ ಹಿಡಿದು, ಬರೀ ಚೈನಿನ ಕಿರಕಿರ ಸದ್ದಿನಲ್ಲಿ ಉರುಳಿಕೊಂಡು ಬರುತ್ತಾನೆ. ನಿಧಾನವಾಗಿ ಓಡಿಸಿಕೊಂಡು ಬಂದರೆ ಪ್ಲಗ್ಗಿನ ಬಣ್ಣ ಬದಲಾಗಿಬಿಡುತ್ತದೆ. ಓಡುತ್ತಿದ್ದ ಕ್ಷಣದ ಬಣ್ಣವೇ ಅವನಿಗೆ ಬೇಕು. ಗಾಡಿ ನಿಲ್ಲುತ್ತದೆ. ಸಿಲಿಂಡರಿನ ರೆಕ್ಕೆಗಳು ಆರುತ್ತಾ ಟಿಣ್ ಟಿಣ್ ಎನ್ನುತ್ತವೆ, ಆಯಿಲ್ ಹೊಗೆ ಇನ್ನೂ ಗಾಳಿಯಲ್ಲಿದೆ. ಯಾರೋ ಪಾನಾ ತರುತ್ತಾರೆ, ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಇಳಿಬಿಸಿಲಿಗೆ ತಿರುಗಿಸುತ್ತಾರೆ, ಸುತ್ತ ನಾಲ್ಕು ತಲೆ ಬಾಗುತ್ತವೆ. ಐದನೆಯದಾಗಿ ನೀವೂ ಬಾಗಿ. ಯಾರೂ ಬೇಡ ಅನ್ನುವುದಿಲ್ಲ.