ಎರಡು ಕವಲು, ಒಂದು ಕಲ್ಲು: ‘ಹೋಮ್‌ಗೋಯಿಂಗ್’ ಕಾದಂಬರಿಯ ವಂಶಕಥನ

ಹಲವು ತಲೆಮಾರುಗಳನ್ನು ಹೇಳಹೊರಟ ಕಾದಂಬರಿಗೆ ಕಾಲೂರಲು ಒಂದು ನೆಲೆ ಬೇಕು. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರುಗಳನ್ನು ಹಿಡಿದಿಟ್ಟಿರುವುದು ಕಡಲತಡಿಯ ಮನೆ ಮತ್ತು ಮಣ್ಣು, ಮೊಮ್ಮಗನು ಹಿಂದಿರುಗುವುದಕ್ಕೆ ಅಲ್ಲೊಂದು ನೆಲವಿದೆ. ಆ ನೆಲವನ್ನೇ ಕಿತ್ತುಕೊಂಡ ಮೇಲೆ ವಂಶಕಥೆ ಯಾವುದರ ಮೇಲೆ ನಿಂತೀತು? ಘಾನಾದಲ್ಲಿ ಜನಿಸಿ ಅಮೆರಿಕದಲ್ಲಿ ಬೆಳೆದ ಯಾ ಜ್ಯಾಸಿಯವರ ‘ಹೋಮ್‌ಗೋಯಿಂಗ್’ (2016) ಎದುರಿಸುವ ಪ್ರಶ್ನೆಯಿದು.

ಕಥೆ ಹದಿನೆಂಟನೆಯ ಶತಮಾನದ ಗೋಲ್ಡ್ ಕೋಸ್ಟಿನಲ್ಲಿ ಆರಂಭವಾಗುತ್ತದೆ. ಎಫಿಯಾ ಮತ್ತು ಎಸಿ ಒಬ್ಬಳೇ ತಾಯಿಯ ಮಕ್ಕಳು, ಪರಸ್ಪರ ಅರಿಯದವರು. ಎಫಿಯಾ ಕೇಪ್ ಕೋಸ್ಟ್ ಕೋಟೆಯ ಆಂಗ್ಲ ಗವರ್ನರನ ಮಡದಿಯಾಗಿ ಮೇಲಂತಸ್ತಿನಲ್ಲಿ ಬಾಳುತ್ತಾಳೆ. ಎಸಿ ಅದೇ ಕೋಟೆಯ ನೆಲಮಾಳಿಗೆಯಲ್ಲಿ ಸೆರೆಯಾಳಾಗಿದ್ದು ಹಡಗನ್ನೇರುತ್ತಾಳೆ. ಅಲ್ಲಿಂದ ಮುಂದೆ ಒಂದು ಅಧ್ಯಾಯ ಆಫ್ರಿಕದ ಕವಲಿಗಾದರೆ ಮತ್ತೊಂದು ಅಮೆರಿಕದ ಕವಲಿಗೆ. ಹೀಗೆ ಒಟ್ಟು ಹದಿನಾಲ್ಕು ಅಧ್ಯಾಯಗಳು, ಹದಿನಾಲ್ಕು ಜೀವಗಳು.

ಈ ರಚನೆಯ ಸತ್ತ್ವವಿರುವುದು ಅಧ್ಯಾಯಗಳ ನಡುವಣ ಮೌನದಲ್ಲಿ. ತಾಯಿಯ ಕಪ್ಪು ಕಲ್ಲು ಎಫಿಯಾಳ ಸಂತತಿಯಲ್ಲಿ ಕೈಯಿಂದ ಕೈಗೆ ಸಾಗಿಬರುತ್ತದೆ. ಎಸಿಯ ಕಲ್ಲಾದರೋ ನೆಲಮಾಳಿಗೆಯಲ್ಲಿಯೇ ಹೂತುಹೋಗುತ್ತದೆ. ಎಸಿಯ ಮೊಮ್ಮಗ ಕೋಜೋ ಹೆತ್ತವರನ್ನು ಕಂಡು ಬೆಳೆದವನಲ್ಲ. ಕೋಜೋವಿನ ಮಗನಿಗೆ ‘ಎಚ್’ ಎಂಬ ಒಂದಕ್ಷರವೇ ಹೆಸರು. 1865ರ ಸಂವಿಧಾನ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಗೊಳಿಸಿದರೂ ಅಪರಾಧಿಗಳ ದುಡಿಮೆಯನ್ನು ಹೊರಗಿಟ್ಟಿತಷ್ಟೆ. ಆ ಸಂದಿಯಲ್ಲಿಯೇ ಎಚ್ ಅಲಬಾಮಾದ ಕಲ್ಲಿದ್ದಲ ಗಣಿಗೆ ಮಾರಾಟವಾಗುತ್ತಾನೆ. ಹಿಂದಿನವರ ಬಾಳು ವಾಚಕನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಗುಲಾಮಗಿರಿ ದೇಹವನ್ನಷ್ಟೇ ಅಲ್ಲ, ವಂಶದ ನೆನಪನ್ನೂ ಕಸಿಯಿತೆಂಬ ಮಾತನ್ನು ಲೇಖಕಿ ವಾದಿಸಿ ಹೇಳುವುದಿಲ್ಲ; ಕೃತಿಯ ಬಂಧವೇ ಅದನ್ನು ಅನುಭವಕ್ಕೆ ತರುತ್ತದೆ.

ಉಳಿದ ನೆನಪಾದರೂ ನಿರ್ಮಲವೆ? ಇಲ್ಲ. ಇಬ್ಬರ ತಾಯಿ ಮಾಮೆ ಒಂದು ಫಾಂಟೆ ಮನೆಯಲ್ಲಿ ದಾಸಿಯಾಗಿದ್ದವಳು, ಬೆಂಕಿಯಿಟ್ಟು ಪಾರಾದವಳು. ಎಫಿಯಾಳ ಮಗ ಕ್ವೇ ಗುಲಾಮರ ವ್ಯಾಪಾರಕ್ಕೇ ಕೈಹಾಕುತ್ತಾನೆ. ದೊರೆಗಳ ಪಾಪವನ್ನು ಎತ್ತಿ ತೋರುವ ಕೃತಿ ಕೊಟ್ಟವರ ಕೈಯನ್ನೂ ಮರೆಮಾಡುವುದಿಲ್ಲ. ವಸಾಹತು ಕಾಲವನ್ನು ಕುರಿತ ಕಾದಂಬರಿಗಳಲ್ಲಿ ಇಂಥ ನಿಷ್ಠುರತೆ ಸುಲಭವಾದುದಲ್ಲ.

ದೋಷವೂ ಇದೆ. ಪ್ರತಿಯೊಬ್ಬರಿಗೂ ಸಿಗುವುದು ಇಪ್ಪತ್ತು ಪುಟಗಳ ಆಸುಪಾಸು. ಇದರಿಂದ, ಮುಖ್ಯವಾಗಿ ಅಮೆರಿಕದ ಕವಲಿನ ಕೊನೆಯ ಭಾಗದಲ್ಲಿ, ವ್ಯಕ್ತಿಗಳು ಇತಿಹಾಸದ ಒಂದೊಂದು ಘಟ್ಟದ ಪ್ರತಿನಿಧಿಗಳಾಗಿ ತೆಳುವಾಗುತ್ತಾರೆ. ಹಾರ್ಲೆಮಿನ ಸಾನಿಯಲ್ಲಿ ಚಳವಳಿ, ಸೆರೆಮನೆ, ಮಾದಕವಸ್ತು ಎಲ್ಲವೂ ಒಟ್ಟಿಗೆ ಬಂದು ಮನುಷ್ಯನಿಗೆ ಎಡೆ ಸಾಲದಾಗುತ್ತದೆ. ಸಾನಿಯ ಮಗ, ಸಂಶೋಧಕ ಮಾರ್ಕಸ್, ಎಚ್‌ನ ಗಣಿಯ ಬಗ್ಗೆ ಪ್ರಬಂಧ ಬರೆಯಹೊರಟು, ಎಲ್ಲಿ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ತೊಳಲುತ್ತಾನೆ. ಅವನ ಸಂಕಟ ಕಾದಂಬರಿಯದೂ ಹೌದು.

ಕೊನೆಯಲ್ಲಿ ಮಾರ್ಕಸ್ ಮತ್ತು ಎಫಿಯಾಳ ಕವಲಿನ ಮಾರ್ಜರಿ ಕೇಪ್ ಕೋಸ್ಟಿನ ಕಡಲಿಗಿಳಿಯುತ್ತಾರೆ. ಅವಳು ಕಲ್ಲನ್ನು ಅವನ ಕೊರಳಿಗೆ ತೊಡಿಸುತ್ತಾಳೆ. ಈ ಸಮಾಗಮ ತುಸು ಅನುಕೂಲಕರವೆಂದು ತೋರೀತು. ಆದರೆ ತಾವು ಒಂದೇ ಬೇರಿನವರೆಂಬುದು ಅವರಿಗೆ ಕೊನೆಗೂ ತಿಳಿಯುವುದಿಲ್ಲವೆಂಬುದನ್ನು ಮರೆಯಬಾರದು. ಕಾರಂತರ ನಾಯಕ ತನ್ನದೆಂದು ಅರಿತ ಮಣ್ಣಿಗೆ ಮರಳುತ್ತಾನೆ; ಮಾರ್ಕಸ್ ತನ್ನದೆಂದು ಅರಿಯದೆಯೇ ಮರಳುತ್ತಾನೆ. ಕಲ್ಲು ಕೈಸೇರಿದರೂ ಕಥೆ ಕೈಸೇರಲಿಲ್ಲವೆಂಬುದೇ ಈ ಕೃತಿಯ ನಿಜವಾದ ದುರಂತ.