ರೂಪವತಿಯನ್ನು ಮರೆತ ಔಷಧದಾನ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಜೈನ ಗೃಹಸ್ಥರ ಮನೆಮನೆಯಲ್ಲಿ ಪ್ರಚಾರದಲ್ಲಿರುವ ಗ್ರಂಥ. ಪಾಠಶಾಲೆಗಳಲ್ಲಿ ಅದನ್ನು ಓದಿಸುತ್ತಾರೆ, ಪರ್ವದ ದಿನಗಳಲ್ಲಿ ಅದರ ಮೇಲೆ ಪ್ರವಚನ ನಡೆಯುತ್ತದೆ. ತತ್ತ್ವಾರ್ಥಸೂತ್ರವು ಕೊನೆಯ ಶಿಕ್ಷಾವ್ರತವನ್ನು ಅತಿಥಿಸಂವಿಭಾಗವೆಂದು ಕರೆದರೆ, ಸಮಂತಭದ್ರರು ಅದೇ ಸ್ಥಾನದಲ್ಲಿ ವೈಯಾವೃತ್ತ್ಯವನ್ನು ಇಟ್ಟರು. ಇದು ಕೇವಲ ಹೆಸರಿನ ಬದಲಾವಣೆಯಲ್ಲ. ಬಂದವರಿಗೆ ಪಾಲು ಕೊಡುವುದು ಒಂದು ಕಾರ್ಯ. ಬಳಲಿದವರ ಕಾಲು ಒತ್ತುವುದು, ಅವರ ಕಷ್ಟವನ್ನು ಕೈಯಾರೆ ನೀಗುವುದು ಇನ್ನೊಂದು. ಆಚಾರ್ಯರು ಎರಡನ್ನೂ ಒಂದೇ ವ್ರತದೊಳಗೆ ತಂದರು.

ಆ ವ್ರತದ ದಾನಗಳನ್ನು ಅವರು ಎಣಿಸಿರುವ ಕ್ರಮ ಗಮನಾರ್ಹವಾದುದು: ಆಹಾರ, ಔಷಧ, ಉಪಕರಣ, ಆವಾಸ. ರೂಢಿಯಲ್ಲಿ ಇಂದು ಹೇಳುವ ಪಟ್ಟಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂದಾಗಿದೆ. ಶಾಸ್ತ್ರವು ಉಪಕರಣದಲ್ಲಿ ಅಡಗಿದೆಯೆಂದೂ ಆವಾಸದಿಂದಲೇ ಅಭಯವೆಂದೂ ಸಮನ್ವಯ ಮಾಡಬಹುದು. ಆದರೆ ತಲೆಯ ಮೇಲೊಂದು ಸೂರು ಎಂಬ ಸ್ಥೂಲವಾದ ಅರ್ಥ ರೂಢಿಯ ಪಟ್ಟಿಯಿಂದ ಜಾರಿಹೋದುದಂತೂ ನಿಜ.

ಇಲ್ಲಿ ಪಾತ್ರರೆಂದು ಉದ್ದೇಶಿಸಿರುವುದು ತಪೋಧನರಾದ ಮುನಿಗಳನ್ನು, ಆಸ್ಪತ್ರೆಯ ರೋಗಿಯನ್ನಲ್ಲ, ಎಂಬ ಆಕ್ಷೇಪ ಬರಬಹುದು. ಆಕ್ಷೇಪ ಸರಿಯೇ. ಆದರೆ ಆಸ್ಪತ್ರೆಗೆ ಕೊಟ್ಟ ಹಣವನ್ನು ಔಷಧದಾನವೆಂದು ಕರೆದು ಕಲ್ಲಿನಲ್ಲಿ ಹೆಸರು ಕೆತ್ತಿಸುವ ಪದ್ಧತಿಯನ್ನು ಸಮಾಜವೇ ಒಪ್ಪಿಕೊಂಡಾಗಿದೆ. ಪುಣ್ಯದ ಹೆಸರನ್ನು ಅಲ್ಲಿಗೆ ವಿಸ್ತರಿಸಿದವರು ವ್ರತದ ಹೊಣೆಯನ್ನೂ ಅಲ್ಲಿಗೆ ವಿಸ್ತರಿಸಬೇಕಾಗುತ್ತದೆ.

ಈ ಗ್ರಂಥಕ್ಕೆ ಪ್ರಭಾಚಂದ್ರರು ಬರೆದ ಸಂಸ್ಕೃತ ಟೀಕೆಯಲ್ಲಿ ದೃಷ್ಟಾಂತಕಥೆಗಳಿವೆ. ನಿರ್ವಿಚಿಕಿತ್ಸಾ ಅಂಗಕ್ಕೆ ಉದ್ದಾಯನ ರಾಜನ ಕಥೆ ಎಲ್ಲರಿಗೂ ಪರಿಚಿತ. ಕುಷ್ಠರೋಗಿ ಮುನಿಯ ವೇಷದಲ್ಲಿ ಬಂದ ದೇವನೊಬ್ಬ ಆಹಾರವನ್ನೆಲ್ಲ ಸ್ವೀಕರಿಸಿ ವಮನ ಮಾಡುತ್ತಾನೆ. ರಾಜನೂ ರಾಣಿ ಪ್ರಭಾವತಿಯೂ ಹೇಸದೆ ತೊಳೆಯುತ್ತಾರೆ. ತಾವು ಕೊಟ್ಟ ಆಹಾರವೇ ದೋಷದ್ದಾಗಿರಬೇಕೆಂದು ನೊಂದುಕೊಳ್ಳುತ್ತಾರೆ. ಪ್ರವಚನಕಾರರು ಇಷ್ಟನ್ನು ಮನಮುಟ್ಟುವಂತೆ ಹೇಳುತ್ತಾರೆ. ಆದರೆ ದುರ್ಗಂಧಕ್ಕೆ ಅಂಜಿ ಪರಿಜನರು ಅಲ್ಲಿಂದ ಓಡಿಹೋದರೆಂಬ ಸಣ್ಣ ಮಾತೊಂದು ಅಲ್ಲಿಯೇ ಇದೆ. ಅದನ್ನು ರಾಜನ ಹಿರಿಮೆಗೆ ಹಿನ್ನೆಲೆಯೆಂದಷ್ಟೇ ಓದುವುದು ವಾಡಿಕೆ. ರಾಜನಾದರೋ ಒಂದು ದಿನ ತೊಳೆದ. ಪರಿಜನರ ಪಾಲಿಗೆ ಅದು ದಿನನಿತ್ಯದ ಕೆಲಸ. ಅವರಿಗೆ ಏನು ಸಿಗುತ್ತಿತ್ತು, ಏಕೆ ನಿಲ್ಲಲಿಲ್ಲ ಎಂದು ಕೇಳಿದ ವ್ಯಾಖ್ಯಾನಗಳು ವಿರಳ.

ಔಷಧದಾನಕ್ಕೆ ಗ್ರಂಥ ಕೊಡುವ ದೃಷ್ಟಾಂತ ವೃಷಭಸೇನೆ. ಟೀಕೆಯ ಪ್ರಕಾರ ಇವಳು ಕಾವೇರೀಪತ್ತನದ ಶ್ರೇಷ್ಠಿ ಧನಪತಿಯ ಮಗಳು. ಹಿಂದಿನ ಜನ್ಮದಲ್ಲಿ ನಾಗಶ್ರೀಯಾಗಿ ದೇಗುಲದ ಕಸ ಗುಡಿಸುತ್ತಿದ್ದವಳು ಧ್ಯಾನಸ್ಥ ಮುನಿಯನ್ನು ಸಿಟ್ಟಿನಲ್ಲಿ ಕಸದಿಂದ ಮುಚ್ಚಿ, ಆಮೇಲೆ ಪಶ್ಚಾತ್ತಾಪಪಟ್ಟು ಔಷಧ ಕೊಟ್ಟು ವೈಯಾವೃತ್ತ್ಯ ಮಾಡಿದ್ದಳು. ಆ ಪುಣ್ಯದಿಂದ ವೃಷಭಸೇನೆಯ ಸ್ನಾನದ ನೀರಿಗೆ ರೋಗ ಗುಣಪಡಿಸುವ ಶಕ್ತಿ ಬಂತು. ಆ ಶಕ್ತಿ ಬೆಳಕಿಗೆ ಬಂದುದು ಹೇಗೆ? ಅವಳ ದಾದಿ ರೂಪವತಿಯಿಂದ. ಆ ನೀರಿನ ಗುಂಡಿಯಲ್ಲಿ ಹೊರಳಿದ ರೋಗಿಷ್ಠ ನಾಯಿ ಗುಣವಾಗಿ ಎದ್ದುದನ್ನು ಕಂಡು ಯೋಚಿಸಿದವಳು ಅವಳು. ಹನ್ನೆರಡು ವರ್ಷದಿಂದ ಕಣ್ಣುಬೇನೆಯಿಂದ ನರಳುತ್ತಿದ್ದ ತನ್ನ ತಾಯಿಯ ಮೇಲೆ ಪರೀಕ್ಷಿಸಿ ನೋಡಿದವಳೂ ಅವಳೇ. ಊರಿನಲ್ಲಿ ಮೊದಲು ಪ್ರಸಿದ್ಧಳಾದವಳು ದಾದಿ. ಔಷಧವಿದ್ದರೆ ಸಾಲದು, ಅದನ್ನು ಗಮನಿಸಿ ರೋಗಿಗೆ ಮುಟ್ಟಿಸುವ ಕೈ ಬೇಕು ಎಂಬುದನ್ನು ಕಥೆಯೇ ಹೇಳುತ್ತಿದೆ. ಆದರೂ ದಾನದ ಪ್ರಸ್ತಾಪ ಬಂದಾಗ ನೆನಪಾಗುವವಳು ಶ್ರೇಷ್ಠಿಯ ಮಗಳು. ರೂಪವತಿಯ ಹೆಸರು ಬಲ್ಲವರು ಎಷ್ಟು ಮಂದಿ?

ಕಥೆಯ ಪಟ್ಟಣದ ಹೆಸರಿನಲ್ಲಿರುವ ನದಿಯ ಮೂಲಕ್ಕೆ ಹೋದರೆ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ತಲಕಾವೇರಿಯಿಂದ 8 ಕಿಲೋಮೀಟರ್ ಕೆಳಗೆ, ಕಾವೇರಿಗೆ ಕನ್ನಿಕೆ ಸೇರುವಲ್ಲಿ ಭಾಗಮಂಡಲವಿದೆ. ಗುಪ್ತಗಾಮಿನಿ ಸುಜ್ಯೋತಿಯನ್ನು ಸೇರಿಸಿ ತ್ರಿವೇಣಿಯೆನ್ನುತ್ತಾರೆ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಅಕ್ಟೋಬರಿನಲ್ಲಿ ಸಾವಿರಾರು ಯಾತ್ರಿಕರು ಬರುತ್ತಾರೆ. ಆದರೆ ಆ ಊರಿನ ಆರೋಗ್ಯದ ಪರೀಕ್ಷೆ ನಡೆಯುವುದು ಅಕ್ಟೋಬರಿನಲ್ಲಲ್ಲ, ಆಟಿಯ ಮಳೆಯಲ್ಲಿ. ಸಂಗಮ ಉಕ್ಕಿ ನಾಪೋಕ್ಲು ಕಡೆಯ ರಸ್ತೆ ಮುಳುಗುವುದು ವರ್ಷವರ್ಷದ ಮಾತಾಗಿತ್ತು. ಮೇಲ್ಸೇತುವೆ ಕಟ್ಟಿದ್ದೇ ಆ ಕಾರಣಕ್ಕೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಜಾರಿ, ಪ್ರಧಾನ ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು. ಇಂತಹ ರಾತ್ರಿಯಲ್ಲಿ ಹೆರಿಗೆನೋವು ಬಂದ ಹೆಂಗಸಿಗೆ ಮಡಿಕೇರಿಯ ದೊಡ್ಡ ಆಸ್ಪತ್ರೆ ಇದ್ದೂ ಇಲ್ಲದಂತೆ. ಊರಿನಲ್ಲೇ ವಾಸವಾಗಿರುವ ದಾದಿಯೊಬ್ಬಳಿದ್ದರೆ ಮಾತ್ರ ಆಸರೆ.

ಗುಡ್ಡಗಾಡಿನ ಕಷ್ಟ ಸರ್ಕಾರಕ್ಕೂ ತಿಳಿಯದ್ದಲ್ಲ. ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಗುಡ್ಡಗಾಡಿನಲ್ಲಿ 20,000ಕ್ಕೊಂದು. ಉಪಕೇಂದ್ರ 5,000ಕ್ಕೆ ಬದಲು 3,000ಕ್ಕೊಂದು ಎಂಬ ನಿಯಮವಿದೆ. ಮಡಿಕೇರಿಗೆ 2016ರಲ್ಲಿ ವೈದ್ಯಕೀಯ ಕಾಲೇಜೂ ಬಂತು. 2012ರ ರಾಜ್ಯ ಕಾಯ್ದೆ ವೈದ್ಯ ಪದವೀಧರರಿಗೆ ಒಂದು ವರ್ಷದ ಸೇವೆಯನ್ನು ಕಡ್ಡಾಯಗೊಳಿಸಿತು. ಕಡ್ಡಾಯದಿಂದ ಜನರನ್ನು ಕರೆತರಬಹುದು, ಉಳಿಸಿಕೊಳ್ಳಲಾಗದು. ರೋಗಿಯ ಹೆಸರು, ಮನೆಯ ದಾರಿ, ಮನೆಯವರ ಸ್ವಭಾವ ತಿಳಿಯುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಇನ್ನು ಮಳೆಯಲ್ಲಿ ಮನೆಮನೆಗೆ ನಡೆದುಹೋಗುವ ಆಶಾ ಕಾರ್ಯಕರ್ತೆಯನ್ನು ಸರ್ಕಾರ ಇಂದಿಗೂ ಸ್ವಯಂಸೇವಕಿಯೆಂದೇ ಕರೆಯುತ್ತದೆ. 2020ರ ಜುಲೈಯಲ್ಲಿ, ಕೋವಿಡ್ ನಡುವೆಯೇ, ಕರ್ನಾಟಕದ ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಗೌರವಧನಕ್ಕೂ ರಕ್ಷಣಾ ಸಾಮಗ್ರಿಗೂ ಮುಷ್ಕರ ಹೂಡಿದರು. 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕುಳಿತ ಮೇಲೆ ತಿಂಗಳಿಗೆ 10,000ದ ಭರವಸೆ ದೊರೆಯಿತು. ಅದು ಈಡೇರಲಿಲ್ಲವೆಂದು ಅದೇ ಆಗಸ್ಟಿನಲ್ಲಿ ಮತ್ತೆ ಬೀದಿಗಿಳಿದರು. ಗೌರವಧನವೆಂಬ ಪದದಲ್ಲಿ ಗೌರವ ಎಷ್ಟು, ಧನ ಎಷ್ಟು ಎಂದು ವ್ಯಾಪಾರಿಗಳಾದರೂ ಲೆಕ್ಕ ಹಾಕಬಲ್ಲರು.

ಸರ್ಕಾರವನ್ನು ಟೀಕಿಸುವುದು ಸುಲಭ. ಧರ್ಮಸಂಸ್ಥೆಗಳ ಆಸ್ಪತ್ರೆಗಳ ಮಾತೇನು? ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳಲ್ಲಿ ದಾದಿಯರಿಗೆ ಸರ್ಕಾರಿ ವೇತನಕ್ಕೆ ಸಮನಾಗಿ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳ ವೇತನ 20,000ಕ್ಕೆ ಇಳಿಯಬಾರದೆಂದೂ ಶಿಫಾರಸು ಮಾಡಿತು. ದಾನದ ಹಣದಲ್ಲಿ ನಡೆಯುವ ಪ್ರತಿಯೊಂದು ಸಂಸ್ಥೆಯೂ ತನ್ನ ವೇತನ ಪುಸ್ತಕವನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಸೇವೆ ಎಂಬ ಪದವನ್ನು ಮುಂದೆ ಹಿಡಿದು ಕಡಿಮೆ ಕೊಡುವ ಅಭ್ಯಾಸ ಅನೇಕ ಕಡೆ ಇದೆ. ದಾನಿಯ ಸೇವೆ ಅವನ ಸ್ವಂತ ತ್ಯಾಗ. ದಾದಿಯ ವೇತನದಿಂದ ಕಳೆದ ಹಣ ಯಾರ ತ್ಯಾಗ? ಅದನ್ನು ಟ್ರಸ್ಟಿನ ಪುಣ್ಯದ ಬಾಬಿಗೆ ಜಮಾ ಮಾಡುವುದು ಲೆಕ್ಕಶಾಸ್ತ್ರದಲ್ಲಿಯೂ ತಪ್ಪು, ಧರ್ಮಶಾಸ್ತ್ರದಲ್ಲಿಯೂ ತಪ್ಪು.

ಈ ವಿಷಯದಲ್ಲಿ ಸಮಂತಭದ್ರರಷ್ಟು ನಿಷ್ಠುರರು ಬೇರೊಬ್ಬರಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಆಹಾರ ತಡೆಯುವುದನ್ನೂ ಎಣಿಸಿದ ಅವರು, ಪರಿಗ್ರಹಪರಿಮಾಣದ ಅತಿಚಾರಗಳಿಗೆ ಬಂದಾಗ ಅತಿವಾಹನ, ಅತಿಭಾರವಾಹನ ಎಂದು ಅದೇ ದೋಷವನ್ನು ಮತ್ತೆ ಹೆಸರಿಸುತ್ತಾರೆ. ಮಿತಿಮೀರಿ ದುಡಿಸುವುದರಲ್ಲಿ ಹಿಂಸೆಯೂ ಇದೆ, ಲೋಭವೂ ಇದೆ ಎಂಬುದು ಅವರ ದೃಷ್ಟಿ. ವ್ಯಾಖ್ಯಾನಕಾರರು ಎತ್ತು ಮೊದಲಾದವುಗಳ ಉದಾಹರಣೆ ಕೊಟ್ಟರು. ಅಂದಿನ ವ್ಯಾಪಾರ ಎತ್ತಿನ ಬೆನ್ನ ಮೇಲೆ ನಡೆಯುತ್ತಿತ್ತು. ಎತ್ತಿಗೆ ಸಲ್ಲುವ ಕರುಣೆ ಎರಡು ಪಾಳಿ ಒಟ್ಟಿಗೆ ದುಡಿಯುವ ಆಯಾಳಿಗೆ ಸಲ್ಲದೆಂದು ವಾದಿಸುವ ಶ್ರಾವಕ ಇರಲಾರ. ಆದರೂ ಗೋಶಾಲೆಯ ವರದಿಯಲ್ಲಿ ಮೇವಿನ ಲೆಕ್ಕವಿರುತ್ತದೆ. ಆಸ್ಪತ್ರೆಯ ವರದಿಯಲ್ಲಿ ಯಂತ್ರಗಳ ಚಿತ್ರವಿರುತ್ತದೆ, ವರ್ಷದಲ್ಲಿ ಎಷ್ಟು ದಾದಿಯರು ಬಿಟ್ಟುಹೋದರೆಂಬ ಸಾಲು ಮಾತ್ರ ಕಾಣುವುದು ಅಪರೂಪ.

ವಿಶ್ವ ಆರೋಗ್ಯ ಸಂಸ್ಥೆ ದೂರದ ಊರುಗಳಲ್ಲಿ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಬಗೆಯನ್ನು 2010ರಲ್ಲಿ ಪ್ರಕಟಿಸಿ, 2021ರಲ್ಲಿ ಪರಿಷ್ಕರಿಸಿತು. ಹಳ್ಳಿಯಲ್ಲಿ ಹುಟ್ಟಿದವರನ್ನೇ ಆರಿಸಿ ತರಬೇತು ಕೊಡುವುದು, ವಾಸಕ್ಕೆ ಯೋಗ್ಯವಾದ ಮನೆ, ಸುರಕ್ಷಿತವಾದ ಕೆಲಸದ ಸ್ಥಳ, ಮೇಲಕ್ಕೇರುವ ಅವಕಾಶ ಇವು ಅದರ ಮುಖ್ಯಾಂಶಗಳು. ಆಚಾರ್ಯರ ಆವಾಸ ಇಲ್ಲಿ ಮತ್ತೆ ಕಾಣಿಸಿಕೊಂಡಿದೆ. ಕರ್ನಾಟಕದಲ್ಲಿ ಇದನ್ನು ಮಾಡಿ ತೋರಿಸಿದವರೂ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಬುಡಕಟ್ಟಿನ ಯುವತಿಯರಿಗೇ ಸಹಾಯಕ ದಾದಿಯರ ಶಿಕ್ಷಣ ಕೊಟ್ಟಿತು. ಕಾಡಿನ ದಾರಿಗೆ ಅಂಜದವಳು ಅಲ್ಲೇ ಹುಟ್ಟಿದವಳು. ಅವಳಿಗೆ ಅದು ಪರಸ್ಥಳವಲ್ಲ.

ಸಂಬಳ ಪಡೆದು ಮಾಡುವ ಶುಶ್ರೂಷೆ ವೈಯಾವೃತ್ತ್ಯವಾಗದು, ಆದ್ದರಿಂದ ಅದಕ್ಕೆ ಕೊಡುವ ಹಣ ದಾನವೂ ಆಗದು ಎಂಬ ವಾದವೊಂದಿದೆ. ದಾದಿಗೆ ಪುಣ್ಯ ಬರುವುದೋ ಇಲ್ಲವೋ ಎಂಬುದು ಅವಳ ಭಾವಕ್ಕೆ ಸೇರಿದ್ದು. ಟ್ರಸ್ಟಿನ ಸಭೆ ತೀರ್ಮಾನಿಸುವ ವಿಷಯವಲ್ಲ. ಸಭೆ ತೀರ್ಮಾನಿಸಬೇಕಾದುದು ಬೇರೆ ಇದೆ. ಕಟ್ಟಡದ ದಾನ ಒಮ್ಮೆ ಕೊಟ್ಟು ಮುಗಿಯುತ್ತದೆ, ಹೆಸರು ನಿಲ್ಲುತ್ತದೆ. ವೇತನದ ದಾನ ತಿಂಗಳು ತಿಂಗಳೂ ಕೊಡಬೇಕು, ಹೆಸರು ಎಲ್ಲಿಯೂ ಕಾಣದು. ದಾನಿಗಳು ಮೊದಲನೆಯದಕ್ಕೆ ಒಲಿಯುವುದು ಸಹಜ. ಬಸದಿಯ ನಿತ್ಯಪೂಜೆಗೆ ಶಾಶ್ವತ ನಿಧಿಯಿಟ್ಟು ಬಡ್ಡಿಯಲ್ಲಿ ನಡೆಸುವ ಕ್ರಮ ಮಾತ್ರ ಸಮಾಜಕ್ಕೆ ಶತಮಾನಗಳಿಂದ ಗೊತ್ತಿದೆ. ಅದೇ ಕ್ರಮದಲ್ಲಿ ಒಂದು ಆವಾಸ ನಿಧಿಯನ್ನು ಇಡಲು ಅಡ್ಡಿಯಿಲ್ಲ. ಭಾಗಮಂಡಲದಂತಹ ಊರಿನಲ್ಲಿ ಸೋರದ ಎರಡು ಕೋಣೆಯ ಮನೆ, ಮಳೆಗಾಲಕ್ಕೆ ಸಾಲುವಷ್ಟು ಒಣ ಸೌದೆ ಅಥವಾ ಅನಿಲ, ಊರಿನ ಒಂದು ಹುಡುಗಿಯ ನರ್ಸಿಂಗ್ ಶಿಕ್ಷಣದ ಶುಲ್ಕ, ಅವಳು ಮರಳಿ ಬಂದಾಗ ಸರ್ಕಾರಿ ದರಕ್ಕೆ ಕಡಿಮೆಯಿಲ್ಲದ ವೇತನ: ಮುಂದಿನ ವರ್ಷದ ಅಂದಾಜುಪಟ್ಟಿ ಬರೆಯುವಾಗ ಖಜಾಂಚಿಗಳು ಇವಿಷ್ಟಕ್ಕೆ ಒಂದು ಪ್ರತ್ಯೇಕ ಶೀರ್ಷಿಕೆ ತೆರೆಯಬಹುದು.