ಭೀಮಬೇಟ್ಕಾ ಗುಹೆಗಳೂ ಕಾಲನಿರ್ಣಯದ ವಿವೇಕವೂ

ವಿಂಧ್ಯಾದ್ರಿಯ ದಕ್ಷಿಣದ ಅಂಚಿನಲ್ಲಿ, ಭೋಪಾಲ ನಗರಕ್ಕೆ ಸುಮಾರು ೪೫ ಕಿಲೋಮೀಟರು ದೂರದಲ್ಲಿರುವ ಭೀಮಬೇಟ್ಕಾ ಗುಹೆಗಳು ೧೯೫೭ರಲ್ಲಿ ವಿಷ್ಣು ಶ್ರೀಧರ ವಾಕಣಕರರ ದೃಷ್ಟಿಗೆ ಬಿದ್ದು ವಿದ್ವಲ್ಲೋಕದಲ್ಲಿ ಪ್ರಸಿದ್ಧವಾದುವು; ೨೦೦೩ರಲ್ಲಿ ವಿಶ್ವಪರಂಪರೆಯ ಸ್ಥಾನಗಳ ಪಟ್ಟಿಯನ್ನು ಸೇರಿದುವು. ಲಕ್ಷ ವರ್ಷಗಳ ಹಿಂದಿನ ಮಾನವನು ಇಲ್ಲಿ ವಾಸಿಸಿ ಈ ಚಿತ್ರಗಳನ್ನು ಬರೆದನೆಂದು ಹೇಳುವವರುಂಟು. ಈ ವಾಕ್ಯದ ಪೂರ್ವಾರ್ಧವು ಗ್ರಾಹ್ಯ, ಉತ್ತರಾರ್ಧವು ವಿಚಾರಣೀಯ.

ವಾಸದ ಪ್ರಾಚೀನತೆಗೆ ಪ್ರಮಾಣವು ನೆಲದಲ್ಲಿದೆ. ೧೯೭೦ರ ದಶಕದಲ್ಲಿ ವಿ. ಎನ್. ಮಿಶ್ರರು ಅಗೆಯಿಸಿದ ಗುಹೆಯೊಂದರ ಕೆಳಗಣ ಸ್ತರಗಳಲ್ಲಿ ಹಳೆಯ ಶಿಲಾಯುಗದ ಕೈಗೊಡಲಿ ಮೊದಲಾದ ಕಲ್ಲಿನ ಆಯುಧಗಳೂ, ಮೇಲಣ ಸ್ತರದಲ್ಲಿ ಮಧ್ಯಶಿಲಾಯುಗದ ಸೂಕ್ಷ್ಮ ಉಪಕರಣಗಳೂ ದೊರೆತುವು. ಚಿತ್ರಗಳಾದರೋ ಗೋಡೆಯ ಮೇಲಿವೆ. ಅವುಗಳಲ್ಲಿ ಬಹುಭಾಗವು ಮಧ್ಯಶಿಲಾಯುಗಕ್ಕೂ ಅನಂತರದ ಕಾಲಗಳಿಗೂ ಸೇರಿದುದೆಂದು ವಿದ್ವಾಂಸರ ಮತ. ಕತ್ತಿ ಗುರಾಣಿಗಳನ್ನು ಹಿಡಿದ ಅಶ್ವಾರೋಹಿಗಳು ಐತಿಹಾಸಿಕ ಕಾಲದವರು. ಮೃಗದ ಮೇಲೆ ಮೃಗವನ್ನು ಬರೆದಿರುವ ಬಂಡೆಯಲ್ಲಿ ಹಲವು ಕಾಲದ ಕೈಗಳು ಸ್ಪಷ್ಟವಾಗಿ ತೋರುವುವು. ಆದರೆ ಗುಹೆಯನ್ನು ಹೊಕ್ಕವನ ಕಣ್ಣಿಗೆ ಬೀಳುವುದು ಚಿತ್ರ. ನೆಲದ ಸಾಕ್ಷಿ ಕಾಣದು. ಕೇಳಿದ ವಯಸ್ಸನ್ನು ಕಂಡ ವಸ್ತುವಿಗೆ ಆರೋಪಿಸುವ ಭ್ರಾಂತಿಗೆ ಇದೇ ಮೂಲ. ಆಶ್ರಯವೊಂದೇ ಆದುದರಿಂದ ಆಶ್ರಿತಗಳೆಲ್ಲ ಏಕಕಾಲದವೆಂಬುದು ಹೇತ್ವಾಭಾಸ. ಹಳೆಯ ಓಲೆಗರಿಯ ಅಂಚಿನಲ್ಲಿ ಈಚಿನವನೊಬ್ಬನು ಬರೆದ ಟಿಪ್ಪಣಿಯನ್ನು ಮೂಲಕವಿಯದೆಂದು ಯಾವ ಗ್ರಂಥಸಂಪಾದಕನೂ ಮುದ್ರಿಸನು. ಅದೇ ವಿವೇಕವು ಇಲ್ಲಿಯೂ ಬೇಕು.

ಇನ್ನು ಹೆಸರಿನ ವಿಚಾರ. ಭೀಮನು ಕುಳಿತ ಸ್ಥಳವೆಂಬ ಅರ್ಥದಿಂದ ಇದು ಬಂದಿತೆನ್ನುವರು. ಇದನ್ನು ಪಾಂಡವರ ವಾಸಕ್ಕೆ ಪ್ರಮಾಣವೆಂದು ಹಿಡಿಯುವುದೂ, ಮೌಢ್ಯವೆಂದು ತಳ್ಳುವುದೂ ಉಚಿತವಲ್ಲ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳನ್ನು ನಮ್ಮ ಜನರು ಮೋರೇರ ಮನೆಗಳೆಂದು ಕರೆಯುವಂತೆಯೇ, ಇದೂ ಕಂಡ ಅದ್ಭುತಕ್ಕೆ ತಿಳಿದ ಕಥೆಯಿಂದ ಕೊಟ್ಟ ವ್ಯಾಖ್ಯಾನ. ಗುಹೆಯನ್ನು ನೋಡಿದವರ ಮನಸ್ಸಿನ ಚರಿತ್ರೆಯಾಗಿ ಅದು ಸಾಹಿತ್ಯವಿದ್ಯಾರ್ಥಿಗೆ ಆದರಣೀಯ.

ಇಂತಹ ಅಧ್ಯಾಸವು ಪಾಮರರಿಗೆ ಮಾತ್ರ ಸಂಭವಿಸುವುದೆಂದು ಭಾವಿಸಬಾರದು. ಇಲ್ಲಿನ ಗುಹೆಯೊಂದರ ಮೇಲ್ಭಾಗದಲ್ಲಿದ್ದ ಗುರುತೊಂದನ್ನು ೨೦೨೧ರಲ್ಲಿ ಭೂವಿಜ್ಞಾನಿಗಳು ಡಿಕಿನ್ಸೋನಿಯ ಎಂಬ ಅತಿ ಪುರಾತನ ಜೀವಿಯ ಅವಶೇಷವೆಂದು ಪ್ರಕಟಿಸಿದರು. ೨೦೨೩ರಲ್ಲಿ ಬೇರೆ ವಿಜ್ಞಾನಿಗಳು ಅದು ಜೇನುಗೂಡಿನ ಕುರುಹೆಂದು ತೋರಿಸಿದರು. ಗುರುತನ್ನು ಮತ್ತೆ ಹೋಗಿ ನೋಡಿದುದರಿಂದಲೇ ಸಂಶಯವು ನಿವೃತ್ತವಾಯಿತೆಂಬುದು ಗಮನಾರ್ಹ.

ಆದುದರಿಂದ ಅಧ್ಯಾಪಕರು ಶಿಷ್ಯರನ್ನು ಇಂತಹ ಸ್ಥಳಗಳಿಗೆ ಕರೆದೊಯ್ದಾಗ ನೆಲ, ಗೋಡೆ, ಹೆಸರು ಈ ಮೂರನ್ನೂ ಬೇರೆಬೇರೆಯಾಗಿ ಓದುವುದನ್ನು ಕಲಿಸತಕ್ಕದ್ದು. ಮೂರಕ್ಕೂ ಅರ್ಥವುಂಟು, ಒಂದರ ಸಾಕ್ಷ್ಯವನ್ನು ಮತ್ತೊಂದಕ್ಕೆ ಹೊರಿಸಿದರೆ ಮಾತ್ರ ಮೂರೂ ಕೆಡುವುವು.